ಒಂದೇ ಬಟ್ಟೆಯವರು

ಲಿಬರ್ದಾದೆ, ಸಾಲ್ವದೋರ್, ಬ್ರೆಜಿಲ್
ಶುಕ್ರವಾರ, 27 ಫೆಬ್ರವರಿ 1976

ಜಿಲ್ದಾಜಿಯೊ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ, ಹಾಗೇ ಶುರು ಮಾಡಿದ್ದೇನೆ. ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿರುವುದು ಹಳೆಯ ಜಗಳ ಕೆದಕಲಿಕ್ಕಲ್ಲ, ಹೆದರಿಕೆಗೆ. ನೀನು ವರ್ಗವಾಗಿ ಇಲ್ಲಿಯ ಠಾಣೆಗೇ ಬಂದಿದ್ದೀಯೆಂದೂ ನಾಳೆ ಕಾರ್ನಿವಲ್‌ಗೆ ಬೀದಿ ಕಾಯಲು ನಿನ್ನನ್ನೂ ಹಾಕಿದ್ದಾರೆಂದೂ ಮೀನು ಮಾರುಕಟ್ಟೆಯಲ್ಲಿ ಕೇಳಿದೆ.

ನಾಳೆ ನಮ್ಮ ಮಗಳು ಜಂದೀರಾ ಅದೇ ಬೀದಿಗೆ ಬರುತ್ತಾಳೆ.

ಈ ವರ್ಷ ನಮ್ಮ ಓಣಿಯವರು ಸೇರಿ ಒಂದು ಬ್ಲೋಕೊ ಕಟ್ಟಿದ್ದಾರೆ. ಕಾರ್ನಿವಲ್ ಮೇಳಗಳು ಊರ ತುಂಬ ಇವೆ, ನಿಜ. ಆದರೆ ಇದು ಬರೀ ಕರಿಯರದು. ಹಾಡೆಲ್ಲ ಆಫ್ರಿಕದ ರಾಜರ ಮೇಲೆ, ತಾಳವೆಲ್ಲ ನಮ್ಮ ದೇವರ ಮನೆಯ ನಗಾರಿಯದು. ಇಷ್ಟಕ್ಕೇ ಮಿಲಿಟರಿ ಸರ್ಕಾರಕ್ಕೆ ಹೊಟ್ಟೆಯುರಿ. ಮೊನ್ನೆ ತಾಲೀಮಿನ ಹೊತ್ತಿಗೆ ಜೀಪು ಬಂದು, ಹಾಡು ಕಟ್ಟಿದ ನಿವಾಲ್ದೊನನ್ನು ಎತ್ತಿಕೊಂಡು ಹೋಯಿತು. ಮರುದಿನ ಬಿಟ್ಟರು. ಅವನಿಗೆ ಒಂದು ಕಿವಿ ಕೇಳಿಸುತ್ತಿಲ್ಲ. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಹೊರಗೆ ಬೂಟಿನ ಸದ್ದಾದರೆ ಸಾಕು, ಹೊಲಿಗೆ ಮೆಷಿನ್ನಿನ ಮೇಲೆ ಕೈ ನಿಂತುಬಿಡುತ್ತದೆ.

ಓಣಿಯವರಿಗೋ ಇದೂ ತಮಾಷೆ. ಅಕರಜೆ ವಡೆ ಕರಿಯುವ ಮಾರಿನಲ್ವಾ, "ನಾಳೆ ಕುಣಿಯೋಕ್ ಹೋಗೋರೆಲ್ಲ ಹಲ್ಲುಜ್ಜೋ ಬ್ರಷ್ ಸೊಂಟಕ್ಕೆ ಸಿಗಿಸ್ಕೊಂಡ್ ಹೋಗ್ರೇ, ಲಾಕಪ್ಪಲ್ಲಿ ಕೊಡಲ್ಲ!" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು. ಅವಳದು ಕುಣಿಯುವವರ ಮುಂದಿನ ಸಾಲು. ಲಾಠಿ ಮೊದಲು ಬೀಳುವುದೂ ಅಲ್ಲಿಗೇ ತಾನೆ?

ಬಟ್ಟೆ ಹೊಲಿದವಳು ನಾನೇ. ಬ್ಲೋಕೊ ಅಂದಮೇಲೆ ಎಲ್ಲರಿಗೂ ಒಂದೇ ಬಟ್ಟೆ. ಕೆಂಪು ಹಳದಿ ಅಚ್ಚಿನದು, ತಲೆಗೂ ಅದರದೇ ಸುತ್ತು. ಹೊಲಿಯುತ್ತಾ ನನಗೊಂದು ಬುದ್ಧಿ ಹೊಳೆಯಿತು. ಜಂದೀರಾಳ ಭುಜಕ್ಕೆ ಮಾತ್ರ ಒಂದು ನೀಲಿ ತುಂಡು ಹಚ್ಚಿ, ಅವಳೊಬ್ಬಳನ್ನು ಬಿಟ್ಟುಬಿಡು ಎಂದು ನಿನಗೆ ಹೇಳಿ ಕಳಿಸೋಣ ಅಂದುಕೊಂಡೆ. ತೊಟ್ಟು ನೋಡಿದ ಕೂಡಲೇ ಅವಳು, "ಇದೇನಮ್ಮಾ, ನಂಗೊಬ್ಳಿಗೇ?" ಎಂದಳು. ಬಾಯಿಬಿಟ್ಟು ಹೇಳಿದೆ. "ಅಂದ್ರೆ ನನ್ನ ಬಿಟ್ಟು ಪಕ್ಕದೋಳಿಗೆ ಹೊಡೀಲಿ ಅಂತಾನಾ? ಅವಳಿಗೂ ನೀನೇ ತಾನೇ ಅಳತೆ ತಗೊಂಡಿದ್ದು?" ಎಂದವಳೇ ದಾರ ಕಚ್ಚಿ ತುಂಡನ್ನು ಕಿತ್ತೇಬಿಟ್ಟಳು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಹಠದಲ್ಲಿ ಥೇಟ್ ನೀನೇ.

ಹೀಗಾಗಿ ಗುರುತು ಹೇಳಲು ನನ್ನ ಬಳಿ ಏನೂ ಉಳಿದಿಲ್ಲ. ನೀನು ಬಿಟ್ಟು ಹೋದಾಗ ಅವಳಿಗೆ ಮೂರು ವರ್ಷ. ನಾಳೆ ಆ ಬಟ್ಟೆ ತೊಟ್ಟ ಯಾವ ಹುಡುಗಿಯ ಮೇಲೆ ಲಾಠಿ ಎತ್ತಿದರೂ ಅವಳು ನಿನ್ನ ಮಗಳೇ ಆಗಿರಬಹುದು. ಇಷ್ಟು ವರ್ಷ ನಿನ್ನನ್ನು ಏನೂ ಕೇಳಿಲ್ಲ, ಇದೊಂದನ್ನು ಕೇಳುತ್ತಿದ್ದೇನೆ. ಕಡಲ ತಾಯಿ ಯೆಮಾಂಜಾ ನಿನ್ನ ಕೈ ತಡೆಯಲಿ.

ಜೀವ ಕೈಯಲ್ಲಿ ಹಿಡಿದು ಕುಳಿತಿರುವ,
ವಾಲ್ದೆಲಿಸೆ

ಮತ್ತೊಂದು ಮಾತು: ಈ ಕಾಗದ ತರಲು ಓಣಿಯಲ್ಲಿ ಯಾರೂ ಒಪ್ಪಲಿಲ್ಲ, ಠಾಣೆ ಅಂದರೆ ಎಲ್ಲರಿಗೂ ನಡುಕ. ನಾನೇ ಹೊರಟೆ, ಬಾಗಿಲು ದಾಟಲು ಕಾಲು ಬರಲಿಲ್ಲ. ಕೊನೆಗೆ ಜಂದೀರಾಳೇ, "ಕೊಡಿಲ್ಲಿ, ನಾನೇ ಕೊಟ್ಟು ಬರ್ತೀನಿ. ಹೆಸರು ಹೇಳಲ್ಲ. ಗುರುತು ಹಿಡೀತಾನಾ ನೋಡೋಣ," ಎಂದಳು. ಇದನ್ನು ನಿನ್ನ ಕೈಗಿತ್ತು ಹೋದ ಹುಡುಗಿಯ ಮುಖ ನೋಡಿದೆಯಾ, ಜಿಲ್ದಾಜಿಯೊ?