ಪೋಲೆಂಡಿನಲ್ಲಿ ಉಡಿ ತುಂಬಿದ್ದು

ಕ್ರಾಕೋವ್ ಹತ್ತಿರದ ಒಂದು ಹಳ್ಳಿ, ಪೋಲೆಂಡ್
ಅಕ್ಟೋಬರ್ ೬, ೨೦೨೫

ಘೋಡಗೇರಿಯ ಪಡಸಾಲೆಯಲ್ಲಿ ನೆರೆದಿರುವ ಹಿರಿಯರೇ, ಕಿರಿಯರೇ, ಚಹಾ ಕುಡಿಯುತ್ತ ಕಿವಿ ಇತ್ತ ಇಟ್ಟಿರುವ ಬೀಗರೇ! ತುಕ್ಕಾನಟ್ಟಿ ಮಹಿಳಾ ಸಂಘದ ಕರದಂಟು ತಯಾರಕಿಯೂ ಕನ್ನಡ ಬಿ.ಎ. ದ್ವಿತೀಯ ದರ್ಜೆಯೂ ಆದ ಶೋಭಾ ಎಂಬ ನಾನು ನನ್ನ ವಿದೇಶ ಪ್ರವಾಸದ ವರದಿಯನ್ನು ಈ ಮಹಾಸಭೆಯ ಮುಂದೆ ಮಂಡಿಸುತ್ತಿದ್ದೇನೆ. ವಾಟ್ಸ್ಯಾಪಿನಲ್ಲಿ ಇದರ ಫೋಟೋ ಬಂದ ಕೂಡಲೇ ನೀನು ಎಲ್ಲರಿಗೂ ಓದಿ ಹೇಳುತ್ತೀಯೆಂದು ಗೊತ್ತು, ದಾನೂ.

ಪ್ರೀತಿಯ ಮಗಳೇ, ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಬಸುರಿ, ಪಾತ್ರೆ ತಿಕ್ಕುವುದನ್ನು ಅಭಿಷೇಕನಿಗೆ ಬಿಡು. ಅಳಿಯಂದಿರ ಕೈಗೂ ಸ್ವಲ್ಪ ಹೊಳಪು ಬರಲಿ. ಬರುವ ಸೋಮವಾರ ನಿನ್ನ ಕುಬಸ. ಹಸಿರು ಸೀರೆ ಉಡಿಸಿ ಮಗಳ ಉಡಿ ತುಂಬುವ ದಿನ ತಾಯಿಯೇ ಇಲ್ಲ ಎಂಬ ಸಂಕಟ ಇದ್ದೇ ಇದೆ. ಏನು ಮಾಡಲಿ, ಇಲ್ಲಿಯ ತಿಂಡಿಮೇಳ ಅಡ್ಡ ಬಂತು.

ಮೇಳದಲ್ಲಿ ಕರದಂಟು ಎಲ್ಲ ಖಾಲಿ, ನನ್ನ ಇಂಗ್ಲಿಷಿಗೆ ಮಾತ್ರ ನಾಲ್ಕೂ ಕಡೆ ಬೇಲಿ. ಉಳಿದುಕೊಂಡಿರುವುದು ಹಾಲಿನಾ ಎಂಬ ಎಪ್ಪತ್ತರ ಅಜ್ಜಿಯ ಮನೆಯಲ್ಲಿ. ಅವಳದು ಪೋಲಿಷ್, ನನ್ನದು ಕನ್ನಡ, ನಡುವೆ ಮೊಬೈಲು ದುಭಾಷಿ. ಅದು ಪುಸ್ತಕದ ಕನ್ನಡ ಉದುರಿಸಿದರೂ ನನ್ನ ಕಿವಿಗೆ ನಮ್ಮೂರ ಮಾತಾಗಿಯೇ ಬೀಳುತ್ತದೆ. ಮನೆಗೆ ಬಂದವರನ್ನು ಇವರು ರೊಟ್ಟಿ, ಉಪ್ಪು ಕೊಟ್ಟು ಒಳಗೆ ಕರೆಯುತ್ತಾರೆ. "ನಿಮ್ಮ ಕಡೆ ಏನ್ ಮಾಡ್ತೀರಿ?" ಎಂದಳು ಅಜ್ಜಿ. "ಹೊಂಟ ಹೆಣ್ಮಕ್ಕಳಿಗೆ ಉಡಿ ತುಂಬತೇವ್ರಿ. ಸೆರಗಿನ್ಯಾಗ ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಿ, ಮನಿ ತುಂಬಿರ್ಲಿ ಅಂತ ಹರಸತೇವಿ" ಎಂದೆ. "ಹಂಗಾದ್ರ ನನಗೂ ತುಂಬವ್ವಾ!" "ನಾ ತುಂಬಂಗಿಲ್ರಿ. ನಮ್ಮನಿಯವರು ತೀರ್ಕೊಂಡಾರ." "ನಮ್ಮವರೂ ತೀರ್ಕೊಂಡಾರ. ಅದಕ್ಕೂ ಅಕ್ಕಿಗೂ ಏನ್ ಸಂಬಂಧ ಐತಿ?"

ಬಿ.ಎ.ಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಬಸವಣ್ಣನ ಫೋಟೋಕ್ಕೆ ದಿನವೂ ಹೂ ಏರಿಸುವ ಮನೆಗಳಲ್ಲೇ, ಉಡಿ ತುಂಬುವ ಹೊತ್ತಿಗೆ ನನ್ನಂಥವರು ಅಡುಗೆಮನೆ ಸೇರುವುದೇಕೆಂದು ಮೊಬೈಲಿಗೆ ಹೇಳಿಕೊಡಲು ನನಗೆ ಬರಲಿಲ್ಲ. ಸೆರಗಿಲ್ಲದ ಅಜ್ಜಿ ಏಪ್ರನ್ ಹಿಡಿದು ನಿಂತೇಬಿಟ್ಟಿದ್ದಳು. ಅಕ್ಕಿ ಹಾಕಿದೆ, ಕಾಯಿಯ ಬದಲು ಸೇಬು, ಮೇಲೊಂದು ಇಳಕಲ್ ಕಣ. ಅವಳು ಅದನ್ನು ಹಾಗೇ ಅವಚಿಕೊಂಡು ನೆರೆಮನೆಗೆ ತೋರಿಸಲು ಓಡಿದಳು. ನಿಮ್ಮಪ್ಪ ಹೋದಮೇಲೆ ನನ್ನ ಕೈ ಯಾರ ಉಡಿಗೂ ಹೋಗಿರಲಿಲ್ಲ, ದಾನೂ. ಅಂಗೈಗೆ ಅಂಟಿದ್ದ ಅಕ್ಕಿಕಾಳು ಉದುರಿಸಲಿಲ್ಲ.

ಬೀಗತಿ ಪಾರವ್ವನವರಿಗೆ ಶರಣು, ಅಳಿಯಂದಿರಿಗೆ ಆಶೀರ್ವಾದ. ಹೊಟ್ಟೆಯೊಳಗಿನ ಕೂಸು ಗಂಡಾಗಲಿ ಹೆಣ್ಣಾಗಲಿ, ಗುಂಡುಗುಂಡಾಗಿರಲಿ.

ನಿನ್ನ ಅವ್ವ,
ಶೋಭಾ

ತಾ.ಕ.: ಇದನ್ನು ಸಭೆಗೆ ಓದಬೇಡ. ಮೇಳ ನಿನ್ನೆಯೇ ಮುಗಿಯಿತು. ಕುಬಸದ ಮರುದಿನಕ್ಕೆ ಬೇಕೆಂದೇ ಟಿಕೀಟು ತೆಗೆಸಿದವಳು ನಾನು. ಎಲ್ಲರ ಮುಂದೆ ಅವ್ವನನ್ನು ಎಲ್ಲಿ ನಿಲ್ಲಿಸಲಿ ಎಂದು ನೀನು ಪೇಚಾಡಬಾರದಲ್ಲ. ಈಗ ಅದನ್ನು ಬದಲಿಸಿದ್ದೇನೆ, ಶನಿವಾರ ಬರುತ್ತೇನೆ. ಮೊದಲ ಉಡಿ ನಾನೇ ತುಂಬುವವಳೆಂದು ಪಾರವ್ವನವರಿಗೆ ಈಗಲೇ ಹೇಳು. ನೀನು ಒಲ್ಲೆ ಅಂದರೆ ಅಡುಗೆಮನೆಯ ದಾರಿ ನನಗೆ ಗೊತ್ತು. ಒಲ್ಲೆ ಅನ್ನಬೇಡ, ಮಗಳೇ.