ಎಡಗಡೆಯ ಐದು ಗುಲಾಬಿ

ಮಂಗಳವಾರ, ಸಂಜೆ

ತಂಗಿಗೆ ಆಶೀರ್ವಾದ. ದೊಡ್ಡವಳಾಗಿ ಹುಟ್ಟಿದ ತಪ್ಪಿಗೆ ಇಷ್ಟಾದರೂ ಬರೆಯಬೇಕಲ್ಲ.

ನಿನ್ನ ಕಾಗದ ಬಂತು. ಫ್ಯಾಷನ್ ಸ್ಪರ್ಧೆಯ ಕೊನೆಯ ಸುತ್ತಿಗೆ ನಿನ್ನ ‘ಕೇಕ್ ಗೌನ್’ ಆಯ್ಕೆಯಾಗಿದೆ, ವೇದಿಕೆಯಲ್ಲಿ ಅದರ ಪಕ್ಕ ಇಡಲು ಅಂಥದ್ದೇ ಒಂದು ಕೇಕು ಮಾಡಿಕೊಡು ಎಂದು ಬರೆದಿದ್ದೀಯ. ಯಾರಾದರೂ ಕೇಳಿದರೆ ತಂಗಿಯ ಗೌನು ನೋಡಿ ಮಾಡಿದೆ ಎಂದು ನಾನು ಹೇಳಬೇಕಂತೆ. ಭೇಷ್! ಕದ್ದವಳು ನೀನು, ಕಳ್ಳಿಯ ಪಟ್ಟ ನನಗೋ?

ಪತ್ರಿಕೆಯಲ್ಲಿ ಬಂದ ಗೌನಿನ ಚಿತ್ರವನ್ನು ಬೇಕರಿಯ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಮೂರು ಅಂತಸ್ತು, ಬೆಣ್ಣೆ ಬಣ್ಣ, ಅಂಚಿನುದ್ದಕ್ಕೂ ಕ್ರೀಮು ಹಿಂಡಿದಂಥ ನೆರಿಗೆ. ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ನಾನು ಮಾಡಿದ ಕೇಕು ಅದು. ಅದರ ಸುತ್ತ ಹತ್ತು ಸಲ ತಿರುಗಿ ಫೋಟೋ ತೆಗೆದವಳು ನೀನೇ ಅಲ್ಲವೇ? ಅಕ್ಕನ ಕೆಲಸದ ಮೇಲೆ ಎಷ್ಟು ಅಭಿಮಾನ ಎಂದು ಹಿಗ್ಗಿದ ಪೆದ್ದಿ ನಾನು.

ಕದಿಯುವುದಕ್ಕೂ ಬುದ್ಧಿ ಬೇಕು ಕಣೇ. ಆ ಕೇಕಿನ ಎಡಗಡೆ ಮಾತ್ರ ಐದು ಗುಲಾಬಿ ಯಾಕಿದ್ದವು ಗೊತ್ತೇ? ಬೆಂದಿದ್ಯಾ ನೋಡ್ತೀನಿ ಅಂತ ನೀನು ನಡುವೆಯೇ ಓವನ್ ಬಾಗಿಲು ತೆರೆದೆ. ಮಧ್ಯದ ಅಂತಸ್ತು ಎಡಕ್ಕೆ ಕುಸಿದು ಬಿರುಕು ಬಿಟ್ಟಿತು. ನಿನಗೆ ಬೈಗುಳ ಬೀಳಬಾರದೆಂದು ನಾನು ಬಾಯಿ ಬಿಡದೆ, ಬಿರುಕಿನ ಮೇಲೆ ಕ್ರೀಮಿನ ಗುಲಾಬಿ ಕೂರಿಸಿದೆ. ಬಟ್ಟೆಗೆ ಯಾವ ಬಿರುಕು ಬಂದಿತ್ತು ಮಹಾರಾಯ್ತಿ? ಎಡ ಸೊಂಟದ ಮೇಲೆ ಐದನ್ನೂ ಲೆಕ್ಕ ತಪ್ಪದೆ ಹೊಲಿದಿದ್ದೀಯ! ತೀರ್ಪುಗಾರರು ಅದನ್ನೇ ‘ದಿಟ್ಟ ಕಲ್ಪನೆ’ ಎಂದು ಹೊಗಳಿದ್ದಾರೆ. ಓದಿ ನಕ್ಕೆ. ಆಮೇಲೆ ಹಿಟ್ಟು ಮೆತ್ತಿದ ಕೈಯಲ್ಲೇ ಕೂತು ಅತ್ತೆ.

ಹದಿನೆಂಟು ವರ್ಷದಿಂದ ಬೇರೆಯವರ ಅಂಗಡಿಯಲ್ಲಿ, ಬೇರೆಯವರು ಹೇಳಿದ ಕೇಕು ಮಾಡುತ್ತಿದ್ದೇನೆ. ನನ್ನದು ಅಂತ ಇದ್ದದ್ದು ಅದೊಂದೇ. ಕೇಳಿದ್ದರೆ ಕೊಡುತ್ತಿದ್ದೆ. ಇದು ನಮ್ಮಕ್ಕನ ಕೇಕು ಎಂದು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಕೇಕು ಮಾಡುವುದಿಲ್ಲ. ಸುಳ್ಳೂ ಹೇಳುವುದಿಲ್ಲ. ಹಾಗಂತ ಚಾಡಿ ಹೇಳಿಕೊಂಡು ತಿರುಗುವವಳು ನಾನಲ್ಲ, ಮೆರೆಯುವಷ್ಟು ಮೆರೆ. ನನ್ನ ಮನೆಯ ಮೆಟ್ಟಿಲು ಮಾತ್ರ ತುಳಿಯಬೇಡ.

ಇತಿ,
ನಿನ್ನ ಪಾಲಿಗೆ ಇನ್ನಿಲ್ಲದ
ಅಕ್ಕ

ಕಡೆಗೊಂದು ಮಾತು: ಚಾಡಿ ಹೇಳುವವಳಲ್ಲ ಎಂದು ಬರೆದದ್ದು ಸುಳ್ಳು. ಆ ಕೇಕಿನ ಫೋಟೋ, ತಾರೀಖು ಎಲ್ಲ ಸೇರಿಸಿ ತೀರ್ಪುಗಾರರಿಗೆ ಬೆಳಿಗ್ಗೆಯೇ ಅಂಚೆಗೆ ಹಾಕಿದೆ. ಹಾಕಿದ ಮೇಲೆ ಅಂಚೆಪೆಟ್ಟಿಗೆಯ ಹತ್ತಿರವೇ ನಿಂತೆ. ಅಂಚೆಯವನು ಬಂದಾಗ ವಾಪಸ್ ಕೊಡಪ್ಪಾ ಎಂದು ಅಂಗಲಾಚಿದೆ. ಒಳಗೆ ಬಿದ್ದದ್ದು ಇನ್ನು ನಿಮ್ಮದಲ್ಲಮ್ಮ ಅಂದುಬಿಟ್ಟ. ಶುಕ್ರವಾರ ಅದು ಅವರ ಕೈ ಸೇರುತ್ತದೆ. ಇದನ್ನು ನಾಳೆ ಬೆಳಿಗ್ಗೆಯೇ ನಿಮ್ಮ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ತೀರ್ಪುಗಾರರು ಲಕೋಟೆ ಒಡೆಯುವ ಮೊದಲು ನೀನೇ ಹೋಗಿ ನಿಜ ಹೇಳಿಬಿಡು, ಪುಟ್ಟೀ.