ಅಪ್ಪ ಕಳಿಸಿದ ಖಾಲಿ ಸಿ.ಡಿ.

ಹಾರ್ಲಿಂಗನ್,
14 ಅಕ್ಟೋಬರ್ 2003

ಪ್ರೀತಿಯ ಮಗ ವೀಬೆಗೆ,

ಹೇಗಿದ್ದೀಯ? ಬೆರ್ಗೆನ್ನಿನಲ್ಲಿ ಆಗಲೇ ಚಳಿ ಹಿಡಿದಿರಬೇಕು. ಹೋದ ವರ್ಷದ ಕೆಮ್ಮು ಮತ್ತೆ ಹತ್ತಿಕೊಳ್ಳದಂತೆ ಬೆಚ್ಚಗಿರು. ಸೊಸೆ ತೂರಿಡ್‌ಳ ಬೆನ್ನುನೋವು ಕಡಿಮೆಯಾಯಿತೇ? ನನ್ನ ಮಂಡಿ ಎಂದಿನಂತೆ ಮುನಿಸಿಕೊಂಡಿದೆ, ಆದರೂ ಸೈಕಲ್ ಬಿಟ್ಟಿಲ್ಲ. ಏಪ್ರಿಲ್‌ನಲ್ಲಿ ಲಕ್ವ ಹೊಡೆದ ಮೇಲೆ ನಿಮ್ಮಪ್ಪ ಈಗ ಪರವಾಗಿಲ್ಲ. ಆರೈಕೆ ಮನೆಯಲ್ಲಿ ಕೋಲೂರಿಕೊಂಡು ನಡೆಯುತ್ತಾರೆ, ಬಟಾಣಿ ಸಾರಿಗೆ ಉಪ್ಪು ಸಾಲದೆಂದು ಮುಖ ಸಿಂಡರಿಸುತ್ತಾರೆ. ಮಾತು ಮಾತ್ರ ಬರಲಿಲ್ಲ. ಇನ್ನು ಬರಲಾರದು ಎಂದು ವೈದ್ಯರು ಹೇಳಿಬಿಟ್ಟರು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಪ್ಪನ ಸುದ್ದಿ ಎತ್ತಿದೊಡನೆ ನೀನು ಮಳೆ ಗಾಳಿಯ ಮಾತಿಗೆ ಜಾರುತ್ತೀಯ, ನಾನು ಅಳುತ್ತೇನೆ. ಅದಕ್ಕೇ ಕಾಗದ.

ಅವರ ಊದುವಾದ್ಯ ತಂಡದ ಹಳೆಯ ಕ್ಯಾಸೆಟ್‌ಗಳನ್ನು ಕೇಳಿಸಿದರೆ ಮನಸ್ಸಿಗೆ ಹಿತ ಎಂದು ದಾದಿ ಹೇಳಿದಳು. ಅವರ ಕೋಣೆಯಲ್ಲಿರುವುದು ಸಿ.ಡಿ. ಹಾಕುವ ಪುಟ್ಟ ಪೆಟ್ಟಿಗೆ. ಸರಿ, ನಮ್ಮ ಮನೆಯಲ್ಲಿ ಸಿ.ಡಿ. ಬರೆಯುವ ಯಂತ್ರ ಇದೆಯಲ್ಲ, ನಿಮ್ಮಪ್ಪ ಹಿಂದೆ ತೋರಿಸಿಕೊಟ್ಟಂತೆಯೇ ಬರೆದೆ. ಮೊದಲು ಸಂತೆಯಲ್ಲಿ ಕಟ್ಟುಗಟ್ಟಲೆ ಮಾರುವ ಅಗ್ಗದ ಖಾಲಿ ಸಿ.ಡಿ. ತಂದೆ. ಅವು ಕಂಪ್ಯೂಟರಿಗೆ ಮಾತ್ರವಂತೆ, ಯಂತ್ರ ಒಂದೊಂದನ್ನೂ ಹೊರಕ್ಕೆ ನೂಕಿತು. ಆಮೇಲೆ ಸಂಗೀತಕ್ಕೆಂದೇ ಇರುವುದನ್ನು ತಂದೆ. ಮನೆಯಲ್ಲಿ ಗಂಟೆ ಹೊಡೆದಂತೆ ಕೇಳಿತು, ಆರೈಕೆ ಮನೆಯ ಪೆಟ್ಟಿಗೆಗೆ ಹಾಕಿದರೆ ಸಿ.ಡಿ.ಯೇ ಇಲ್ಲ ಎನ್ನುತ್ತದೆ. ಇನ್ನೂ ದುಬಾರಿಯದನ್ನು ತಂದೆ, ಅದೂ ಅಷ್ಟೇ. ಸಿಟ್ಟಿನಿಂದ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, ಬಂದರು ರಸ್ತೆಯಲ್ಲಿ ರೇಡಿಯೋ ಅಂಗಡಿ ಇಟ್ಟಿರುವ ಟ್ಯಾಲಿಂಗ್‌ನ ಮುಂದೆ ಸುರಿದೆ.

ಅವನು ತಾಳ್ಮೆಯವನು. ಅಳಿಸಿ ಮತ್ತೆ ಬರೆಯಬಹುದಾದ ಜಾತಿ ಬೇಡ, ಹಳೆಯ ಪೆಟ್ಟಿಗೆಗಳು ಅದನ್ನು ಓದುವುದಿಲ್ಲ. ಒಂದೇ ಸಲ ಬರೆಯುವ, ಸಂಗೀತದ ಗುರುತಿರುವುದನ್ನೇ ಕೊಳ್ಳಿ, ನಿಮ್ಮ ಎರಡನೆಯ ಆಯ್ಕೆಯೇ ಸರಿಯಾಗಿತ್ತು ಎಂದ. ಆಮೇಲೆ ಕೇಳಿದ, "ಬರೆದಾದ್ಮೇಲೆ ಮುಚ್ಚಿದ್ರಾ ಅಕ್ಕಾ? ಕೊನೇಲಿ ಒಂದು ಗುಂಡಿ ಒತ್ಬೇಕು. ಇಲ್ದಿದ್ರೆ ನಿಮ್ಮನೆ ಯಂತ್ರಕ್ಕೆ ಬಿಟ್ರೆ ಇನ್ಯಾವುದಕ್ಕೂ ಅದು ಖಾಲಿನೇ." ನಾನು ಆ ಗುಂಡಿ ಒತ್ತಿರಲಿಲ್ಲ. ನಿಮ್ಮಪ್ಪ ತೋರಿಸಿಯೂ ಇರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಕ ಓದಿ ಎಂದು ಆ ಮನುಷ್ಯನಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಆಗಲೇ ನನಗೆ ಹೊಳೆದದ್ದು ವೀಬೆ.

ಎರಡು ವರ್ಷದ ಹಿಂದೆ ನಿನಗೆ ನಿಮ್ಮಪ್ಪ ಒಂದು ಸಿ.ಡಿ. ಕಳಿಸಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಮದುವೆಯ ಊಟದಲ್ಲಿ ತೂರಿಡ್‌ಳ ಎದುರಿಗೇ, "ಇದು ಮೂರು ವರ್ಷ ಬಾಳಿದ್ರೆ ಹೆಚ್ಚು" ಎಂದರಲ್ಲ, ಅದು ಅವರನ್ನು ಒಳಗೊಳಗೇ ತಿಂದಿತು. ಫೋನು ಹಿಡಿಯಲು ಬಿಗುಮಾನ. ಕೊನೆಗೆ ಒಂದು ದಿನ ನನ್ನನ್ನು ಬೇಕೆಂದೇ ಪೇಟೆಗೆ ಅಟ್ಟಿ, ಬಾಗಿಲು ಹಾಕಿಕೊಂಡು ಯಂತ್ರದ ಮುಂದೆ ಕೂತು ಮಾತಾಡಿದರು. ಅಳಿಸಲು ಬರುವ ಸಿ.ಡಿ. ತಂದುಕೊಟ್ಟಿದ್ದೆ, ತಪ್ಪಿದರೆ ತಿದ್ದಬಹುದೆಂದು. ಬೇಡವೆಂದರು. "ಅಂಥದ್ದು ಕೊಟ್ರೆ ನಾನೇ ಅಳಿಸಿಬಿಡ್ತೀನಿ ಕಣೇ." ನನಗೂ ಕೇಳಿಸದೆ ತಾವೇ ಅಂಚೆಗೆ ಹಾಕಿ ಬಂದು, "ತಪ್ಪು ಒಪ್ಕೊಂಡಿದ್ದೀನಿ, ಇನ್ನು ಅವನಿಗೆ ಬಿಟ್ಟಿದ್ದು" ಎಂದರು.

ನಿನ್ನಿಂದ ಬಂದದ್ದು ಒಂದೇ ಸಾಲು: ಅಪ್ಪನ ಸಿ.ಡಿ. ತಲುಪಿತು, ಅರ್ಥವಾಯಿತು. ಅದನ್ನು ಓದಿ ಅವರು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನೀನು ಕಲ್ಲುಮನಸ್ಸಿನವನೆಂದು ನಾನೂ ನಿನ್ನನ್ನು ಬೈದುಕೊಂಡೆ, ಅದಕ್ಕೆ ನನ್ನನ್ನು ಕ್ಷಮಿಸು. ಅಪ್ಪ ಖಾಲಿ ಸಿ.ಡಿ. ಕಳಿಸಿ ಅಣಕಿಸಿದರೆಂದು ತಾನೇ ನೀನು ತಿಳಿದದ್ದು? ಅವರೂ ಆ ಗುಂಡಿ ಒತ್ತಿರಲಿಲ್ಲ, ಅಷ್ಟೇ. ಅದು ಖಾಲಿಯಲ್ಲ, ಮಗನೇ. ಅವರ ದನಿ ಅದರಲ್ಲಿದೆ. ಇನ್ನೆಲ್ಲೂ ಇಲ್ಲ. ಅದನ್ನು ಬರೆದ ಯಂತ್ರ ನಮ್ಮ ಹಜಾರದಲ್ಲೇ ಇದೆ, ಅದರಲ್ಲಿ ಹಾಕಿದರೆ ಕೇಳುತ್ತದೆ. ಅಂಚೆಗೆ ಹಾಕಬೇಡ, ಕೈಯಲ್ಲಿ ಹಿಡಿದು ನೀನೇ ಬಾ. ತೂರಿಡ್‌ಳನ್ನೂ ಕರೆದುಕೊಂಡು ಬಾ.

ಇಬ್ಬರೂ ತಣ್ಣಗಿರಿ, ನಿಮ್ಮ ಒಲೆ ಆರದಿರಲಿ ಎಂದು ಹರಸುವ
ನಿನ್ನ ಅಮ್ಮ
ಆಲ್ಟ್ಯೆ

ಮರೆತ ವಿಷಯ: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸಿ.ಡಿ. ಎಸೆದುಬಿಟ್ಟಿದ್ದರೆ ಕೊರಗುತ್ತಾ ಅಲ್ಲೇ ಕೂರಬೇಡ, ಬರಿಗೈಯಲ್ಲೇ ಬಾ. ಗುಂಡಿಯ ವಿಷಯ ನಿಮ್ಮಪ್ಪನಿಗೆ ಹೇಳಲು ನನಗೆ ಬಾಯಿ ಬಂದಿಲ್ಲ. ನೀನು ಎಲ್ಲ ಕೇಳಿಯೂ ಕ್ಷಮಿಸಲಿಲ್ಲ ಎಂದೇ ಅವರು ಇವತ್ತಿಗೂ ತಿಳಿದಿದ್ದಾರೆ. ಹತ್ತಿರ ಕೂತು, "ಕೇಳಿಸಿಕೊಂಡೆ ಅಪ್ಪಾ" ಎನ್ನು. ಸುಳ್ಳಾದರೆ ಅದರ ಪಾಪ ನನಗಿರಲಿ.